ಧೂಳಿನ ಪರದೆಯ ಹಿಂದೆ ಹುಟ್ಟುವ ನಕ್ಷತ್ರಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರಿಗೆ ನಕ್ಷತ್ರಗಳ ಗೊಡವೆ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಆಕಾಶದ ಒಂದು ಮೂಲೆಯನ್ನು ಭಾಷೆಯ ಮೇಷ್ಟ್ರುಗಳೇ ಮೊದಲು ಪರಿಚಯಿಸಬೇಕು. ಜನವರಿ, ಫೆಬ್ರವರಿ ತಿಂಗಳ ಸಂಜೆ ಹೊರಗೆ ಬಂದು ನೋಡಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು, ಅವುಗಳ ಸುತ್ತ ನಾಲ್ಕು ಮೂಲೆಗಳಲ್ಲಿ ನಾಲ್ಕು ನಕ್ಷತ್ರಗಳು ಕಾಣುತ್ತವೆ. ಇದು ಮಹಾವ್ಯಾಧ ನಕ್ಷತ್ರಪುಂಜ, ಇಂಗ್ಲಿಷಿನವರ ಒರಾಯನ್. ಮೂಲೆಯ ಕೆಂಪು ನಕ್ಷತ್ರವೇ ನಮ್ಮ ರೈತರ ಮಳೆ ಲೆಕ್ಕದ ಆರ್ದ್ರಾ. ಅದರ ಎದುರು ಮೂಲೆಯ ನೀಲಿ ನಕ್ಷತ್ರ ರೈಜೆಲ್. ಈ ಹೆಸರು ಅರಬಿಯ 'ರಿಜ್ಲ್' ಎಂಬ ಪದದಿಂದ ಬಂದದ್ದು, ಅರ್ಥ ಕಾಲು. ಇನ್ನೊಂದು ಮೂಲೆಯಲ್ಲಿ ಸೈಫ್ ಇದೆ. ಉರ್ದು ಓದುವ ಮಕ್ಕಳಿಗೆ ಹೇಳಬೇಕಾಗಿಲ್ಲ, ಸೈಫ್ ಎಂದರೆ ಖಡ್ಗ. ನಡುವಿನ ಸಾಲಿನ ಮಿಂಟಾಕ ಮತ್ತು ಅಲ್‌ನಿಟಾಕ್ ಎಂಬ ಹೆಸರುಗಳ ಹಿಂದೆ ನಡುಪಟ್ಟಿ ಎಂಬ ಅರ್ಥದ ಅರಬಿ ಪದಗಳಿವೆ. 10ನೇ ಶತಮಾನದಲ್ಲಿ ಇಸ್ಫಹಾನಿನ ಅಬ್ದುರ್ರಹಮಾನ್ ಅಲ್ ಸೂಫಿಯಂಥ ವಿದ್ವಾಂಸರು ಬರಿಗಣ್ಣಿಗೆ ಕಂಡ ನಕ್ಷತ್ರಗಳ ಸ್ಥಾನ, ಬಣ್ಣ, ಹೊಳಪುಗಳನ್ನು ದಾಖಲು ಮಾಡಿಟ್ಟರು.

ಅದು ಕಣ್ಣಿಗೆ ಕಂಡದ್ದರ ಲೆಕ್ಕ. ನಾನು ಇಂದು ಮಾತನಾಡಬೇಕೆಂದಿರುವುದು ಅದೇ ಪುಂಜದಲ್ಲಿ ಕಣ್ಣಿಗೆ ಕಾಣದೆ ಉಳಿದದ್ದರ ಬಗ್ಗೆ. ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅವುಗಳಲ್ಲಿ ಕೆಲವು ನಮ್ಮ ಸೂರ್ಯನಿಗಿಂತ ಹತ್ತಾರು ಪಟ್ಟು ಭಾರವಾದವು. ಅಂಥ ನಕ್ಷತ್ರ ಹುಟ್ಟುವುದನ್ನು ಮನುಷ್ಯನ ಕಣ್ಣು ನೋಡಲಾರದು. ಅದನ್ನು ನಮಗೆ ತೋರಿಸಿಕೊಟ್ಟದ್ದು ಮುಖ್ಯವಾಗಿ ರೇಡಿಯೋ.

ಮೊದಲು ಭಾರಿ ನಕ್ಷತ್ರ ಎಂದರೆ ಯಾವುದು ಎಂದು ತಿಳಿಯೋಣ. ಸೂರ್ಯನ ದ್ರವ್ಯರಾಶಿಯ ಸುಮಾರು 8 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿ ಇರುವುದನ್ನು ವಿಜ್ಞಾನಿಗಳು ಭಾರಿ ನಕ್ಷತ್ರ ಎನ್ನುತ್ತಾರೆ. ಈಗ ಹೆಸರಿಸಿದ ಆರ್ದ್ರಾ, ರೈಜೆಲ್, ಸೈಫ್ ಎಲ್ಲವೂ ಈ ಗುಂಪಿನವೇ. ಇವು ಸೂರ್ಯನಿಗಿಂತ ಸಾವಿರಾರು ಪಟ್ಟು, ಕೆಲವು ಲಕ್ಷಾಂತರ ಪಟ್ಟು ಹೆಚ್ಚು ಬೆಳಕು ಚೆಲ್ಲುತ್ತವೆ. ದುಂದುಗಾರನ ಆಸ್ತಿ ಬೇಗ ಕರಗುವಂತೆ ಇವುಗಳ ಆಯುಷ್ಯವೂ ಬೇಗ ಮುಗಿಯುತ್ತದೆ. ಸೂರ್ಯನ ಆಯುಷ್ಯ ಸುಮಾರು 1000 ಕೋಟಿ ವರ್ಷವಾದರೆ ತೀರಾ ಭಾರವಾದ ನಕ್ಷತ್ರ ಬಾಳುವುದು ಕೆಲವೇ ಹತ್ತು ಲಕ್ಷ ವರ್ಷ. ಕೊನೆಯಲ್ಲಿ ಅವುಗಳಲ್ಲಿ ಅನೇಕವು ಸೂಪರ್‌ನೋವಾ ಆಗಿ ಸಿಡಿದು, ತಮ್ಮೊಳಗೆ ತಯಾರಾದ ಮೂಲವಸ್ತುಗಳನ್ನು ಸುತ್ತಲೂ ಚೆಲ್ಲುತ್ತವೆ. ನಾವು ಈ ಕ್ಷಣ ಉಸಿರಾಡುತ್ತಿರುವ ಆಮ್ಲಜನಕದ ಬಹುಪಾಲು ಹಾಗೆ ಬಂದದ್ದು. ಆದ್ದರಿಂದ ಈ ನಕ್ಷತ್ರಗಳ ಜನ್ಮವೃತ್ತಾಂತ ನಮಗೆ ಸಂಬಂಧಿಸಿದ್ದೇ.

ಹಾಗಾದರೆ ಇವುಗಳ ಜನನವನ್ನು ನೋಡುವುದು ಏಕೆ ಕಷ್ಟ? ಕಾರಣಗಳು ನಾಲ್ಕು. ಮೊದಲನೆಯದು, ಇವು ವಿರಳ. ಸೂರ್ಯನಂಥವು ಮತ್ತು ಅದಕ್ಕಿಂತ ಚಿಕ್ಕವು ನೂರಾರು ಹುಟ್ಟಿದಾಗ ಭಾರಿ ನಕ್ಷತ್ರ ಒಂದೋ ಎರಡೋ ಹುಟ್ಟುತ್ತದೆ. ಎರಡನೆಯದು, ವಿರಳವಾದ್ದರಿಂದ ಹತ್ತಿರದಲ್ಲಿ ಸಿಗುವುದಿಲ್ಲ. ಮಹಾವ್ಯಾಧದ ನೀಹಾರಿಕೆಯೇ ಹತ್ತಿರದ್ದು, ಅದೂ ಸುಮಾರು 1350 ಜ್ಯೋತಿರ್ವರ್ಷ ದೂರ. ಮೂರನೆಯದು, ಇವುಗಳ ಬೆಳವಣಿಗೆಯ ವೇಗ. ಒಂದೆರಡು ಲಕ್ಷ ವರ್ಷಗಳಲ್ಲಿ ಹೆಚ್ಚಿನ ಕೆಲಸ ಮುಗಿದೇ ಹೋಗುತ್ತದೆ. ನಕ್ಷತ್ರಗಳ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಾಲ್ಕನೆಯದೇ ಮುಖ್ಯ: ಇವು ದಟ್ಟವಾದ ಅನಿಲ ಮತ್ತು ಧೂಳಿನ ಮೋಡದ ಹೊಟ್ಟೆಯೊಳಗೆ ಹುಟ್ಟುತ್ತವೆ. ಆ ಧೂಳು ಬೆಳಕನ್ನು ಹೊರಕ್ಕೆ ಬಿಡುವುದಿಲ್ಲ.

ಆ ಧೂಳಿನ ಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕವು. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳೂ ಹೆಚ್ಚು ಕಡಿಮೆ ಅಷ್ಟೇ ಚಿಕ್ಕವು, ಆದ್ದರಿಂದ ಕಣಗಳಿಗೆ ತಾಗಿ ಚದುರಿಹೋಗುತ್ತವೆ. ರೇಡಿಯೋ ಅಲೆಯ ಉದ್ದವಾದರೋ ಮಿಲಿಮೀಟರ್, ಸೆಂಟಿಮೀಟರ್, ಮೀಟರುಗಳ ಲೆಕ್ಕದ್ದು. ಕೆರೆಯಲ್ಲಿ ಎದ್ದ ದೊಡ್ಡ ಅಲೆ ದಡದ ಜೊಂಡು ಹುಲ್ಲಿನ ನಡುವೆ ತಡೆಯಿಲ್ಲದೆ ಸಾಗುವಂತೆ ಈ ಅಲೆಗಳು ಧೂಳನ್ನು ದಾಟಿ ಬರುತ್ತವೆ. ರೇಡಿಯೋ ಎಂದಾಕ್ಷಣ ಆಕಾಶದಿಂದ ಶಬ್ದ ಕೇಳುತ್ತದೆ ಎಂದು ಮಕ್ಕಳು ಭಾವಿಸಬಾರದು. ರೇಡಿಯೋ ಅಲೆಯೂ ಬೆಳಕಿನ ಕುಟುಂಬದ್ದೇ, ಕಣ್ಣಿಗೆ ಕಾಣದ ಒಂದು ಬಣ್ಣ ಎಂದುಕೊಳ್ಳಿ. ಆಕಾಶದಿಂದ ಈ ಅಲೆಗಳು ಬರುತ್ತವೆ ಎಂದು ಜಗತ್ತಿಗೆ ಮೊದಲು ತಿಳಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ, 1933ರಲ್ಲಿ. ದೂರವಾಣಿ ಸಂಪರ್ಕಕ್ಕೆ ಅಡ್ಡಿಯಾಗುತ್ತಿದ್ದ ಗೊರಗೊರ ಸದ್ದಿನ ಮೂಲ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಆಕಾಶಗಂಗೆ. 1937ರಲ್ಲಿ ಗ್ರೋಟ್ ರೀಬರ್ ಎಂಬವರು ತಮ್ಮ ಮನೆಯ ಹಿತ್ತಲಿನಲ್ಲೇ ಬೋಗುಣಿಯಾಕಾರದ ರೇಡಿಯೋ ದೂರದರ್ಶಕ ಕಟ್ಟಿದರು.

ಭಾರಿ ನಕ್ಷತ್ರದ ಹೆರಿಗೆಮನೆಯಿಂದ ನಮಗೆ ಮೂರು ಬಗೆಯ ರೇಡಿಯೋ ಸುದ್ದಿಗಳು ಬರುತ್ತವೆ.

ಒಂದು, ಬಿಸಿ ಅನಿಲದ ಸುದ್ದಿ. ಎಳೆಯ ಭಾರಿ ನಕ್ಷತ್ರದಿಂದ ಹೊರಡುವ ನೇರಳಾತೀತ ಕಿರಣಗಳು ಸುತ್ತಲಿನ ಜಲಜನಕದ ಪರಮಾಣುಗಳನ್ನು ಒಡೆದು ಎಲೆಕ್ಟ್ರಾನುಗಳನ್ನು ಬೇರೆ ಮಾಡುತ್ತವೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ಓಡಾಡುತ್ತ, ಪ್ರೋಟಾನುಗಳ ಬಳಿ ಹಾದಿ ತಿರುಗಿಸುವಾಗ ರೇಡಿಯೋ ಅಲೆ ಹೊರಡಿಸುತ್ತವೆ. ಹೀಗೆ ನಕ್ಷತ್ರದ ಸುತ್ತ ಒಂದು ಬಿಸಿ ಗುಳ್ಳೆ ಏಳುತ್ತದೆ. 1989ರಲ್ಲಿ ಡಗ್ಲಸ್ ವುಡ್ ಮತ್ತು ಎಡ್ ಚರ್ಚ್‌ವೆಲ್ ಎಂಬ ವಿಜ್ಞಾನಿಗಳು ನ್ಯೂ ಮೆಕ್ಸಿಕೋದಲ್ಲಿರುವ, 27 ಬೋಗುಣಿಗಳ ವಿಎಲ್‌ಎ ದೂರದರ್ಶಕದಿಂದ ಇಂಥ ಅತಿ ಪುಟ್ಟ ಗುಳ್ಳೆಗಳ ಸಮೀಕ್ಷೆ ಪ್ರಕಟಿಸಿದರು. ಆಗ ಒಂದು ಸಮಸ್ಯೆ ಎದ್ದಿತು. ಬಿಸಿ ಗುಳ್ಳೆ ಬೇಗನೆ ಉಬ್ಬಿ, ಸುಮಾರು ಹತ್ತು ಸಾವಿರ ವರ್ಷದೊಳಗೆ ದೊಡ್ಡದಾಗಬೇಕು. ಆದರೆ ಪುಟ್ಟ ಗುಳ್ಳೆಗಳ ಸಂಖ್ಯೆ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿತ್ತು. ಒಂದು ಊರಿನಲ್ಲಿ ದೊಡ್ಡವರಿಗೆ ಹೋಲಿಸಿದರೆ ತೊಟ್ಟಿಲ ಕೂಸುಗಳೇ ಅತಿ ಹೆಚ್ಚಾಗಿ ಕಂಡರೆ ಏನು ಹೇಳುತ್ತೀರಿ? ಕೂಸುಗಳು ಬಹಳ ಕಾಲ ತೊಟ್ಟಿಲಲ್ಲೇ ಉಳಿಯುತ್ತಿವೆ ಎಂದಲ್ಲವೇ? ಸುತ್ತಲಿನ ದಟ್ಟ ಅನಿಲ ಗುಳ್ಳೆಯನ್ನು ಅದುಮಿ ಹಿಡಿಯುತ್ತದೆ, ಒಳಗೆ ಬೀಳುತ್ತಲೇ ಇರುವ ಅನಿಲವೂ ಅದನ್ನು ಕಟ್ಟಿಹಾಕುತ್ತದೆ ಎಂಬ ವಿವರಣೆಗಳು ಹುಟ್ಟಿದ್ದು ಈ ಎಣಿಕೆಯಿಂದಲೇ.

ಎರಡು, ಅಣುಗಳ ಸುದ್ದಿ. ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಉಜ್ಜಿದಾಗ ಏಳುವ ಹೊಗೆಯ ಘಾಟು ತಮಗೆ ಗೊತ್ತಿರಬೇಕು. ನಮ್ಮ ಮನೆಗಳಲ್ಲಿ ಅದನ್ನು ನೌಸಾದರ್ ಎನ್ನುತ್ತೇವೆ. ಆ ಹೊಗೆಯಲ್ಲಿ ಅಮೋನಿಯಾ ಇರುತ್ತದೆ. ಅದೇ ಅಮೋನಿಯಾ ನಕ್ಷತ್ರಗಳ ನಡುವಿನ ಮೋಡಗಳಲ್ಲೂ ಇದೆ ಎಂದು 1968ರಲ್ಲಿ ಚಾರ್ಲ್ಸ್ ಟೌನ್ಸ್ ಅವರ ತಂಡ ರೇಡಿಯೋ ಅಲೆಗಳಿಂದ ಕಂಡುಹಿಡಿಯಿತು. ಮರುವರ್ಷ ನೀರಿನ ಅಣು ಸಿಕ್ಕಿತು. 1970ರಲ್ಲಿ ಮಹಾವ್ಯಾಧದ ನೀಹಾರಿಕೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. ಪ್ರತಿಯೊಂದು ಅಣುವಿಗೂ ತನ್ನದೇ ಆದ ನಿಶ್ಚಿತ ಆವೃತ್ತಿಗಳಿವೆ. ಅಮೋನಿಯಾದ ಅಲೆಗಳನ್ನು ಒಂದಕ್ಕೊಂದು ಹೋಲಿಸಿದರೆ ಮೋಡದ ಉಷ್ಣತೆ ಗೊತ್ತಾಗುತ್ತದೆ. ಅಲೆಯ ಆವೃತ್ತಿ ತುಸು ಏರಿದ್ದರೆ ಅನಿಲ ನಮ್ಮ ಕಡೆಗೆ ಬರುತ್ತಿದೆ, ಇಳಿದಿದ್ದರೆ ದೂರ ಹೋಗುತ್ತಿದೆ. ಹತ್ತಿರ ಬರುವ ಆಂಬುಲೆನ್ಸಿನ ಸೈರನ್ ತೀಕ್ಷ್ಣವಾಗಿ, ದಾಟಿ ಹೋದಾಗ ಮಂದ್ರವಾಗಿ ಕೇಳುವ ಡಾಪ್ಲರ್ ನಿಯಮವೇ ಇದು. ಹೀಗೆ ಅಷ್ಟು ದೂರದಿಂದಲೇ ಮೋಡದ ಯಾವ ಭಾಗ ಒಳಕ್ಕೆ ಕುಸಿಯುತ್ತಿದೆ, ಯಾವ ಭಾಗ ಸುತ್ತುತ್ತಿದೆ ಎಂದು ಹೇಳಬಹುದು.

ಮೂರು, ಮೇಸರ್ ಎಂಬ ಸುದ್ದಿ. 1965ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಿಗೆ 18 ಸೆಂಟಿಮೀಟರ್ ತರಂಗಾಂತರದ ಬಳಿ ವಿಪರೀತ ಪ್ರಬಲವಾದ ಒಂದು ಸಂಕೇತ ಸಿಕ್ಕಿತು. ಅರ್ಥವಾಗದೆ ಅದಕ್ಕೆ 'ಮಿಸ್ಟೀರಿಯಂ' ಎಂದು ಹೆಸರಿಟ್ಟರು. ಕೊನೆಗೆ ತಿಳಿದದ್ದೇನೆಂದರೆ, ಅದು ಆಮ್ಲಜನಕ ಮತ್ತು ಜಲಜನಕ ಕೂಡಿದ ಹೈಡ್ರಾಕ್ಸಿಲ್‌ನದು. ಮೈಕಿನಲ್ಲಿ ಮಾತು ಗಟ್ಟಿಯಾಗುವಂತೆ, ಒಂದು ಅಲೆ ಅಣುಗಳ ಗುಂಪಿನ ಮೂಲಕ ಹಾಯುವಾಗ ಅದೇ ತರಹದ ಅಲೆಗಳು ಕೂಡಿಕೊಂಡು ಅನೇಕ ಪಟ್ಟು ಬಲಿಯುತ್ತವೆ. ಇದೇ ಮೇಸರ್. ಟೌನ್ಸ್ ಅವರ ತಂಡ 1954ರಲ್ಲಿ ಪ್ರಯೋಗಾಲಯದಲ್ಲಿ ಕಷ್ಟಪಟ್ಟು ತಯಾರಿಸಿದ್ದನ್ನು ನಿಸರ್ಗ ಮೊದಲೇ ಮಾಡಿಟ್ಟಿತ್ತು. 1991ರಲ್ಲಿ ಕಾರ್ಲ್ ಮೆಂಟೆನ್ ಅವರು 6.7 ಗಿಗಾಹರ್ಟ್ಸ್ ಆವೃತ್ತಿಯ ಮೆಥನಾಲ್ ಮೇಸರನ್ನು ಗುರುತಿಸಿದರು. ಇದು ಭಾರಿ ನಕ್ಷತ್ರಗಳು ಹುಟ್ಟುವ ಕಡೆಯಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಅದು ಬಾಣಂತಿ ಮನೆಯ ಬಾಗಿಲಿಗೆ ಕಟ್ಟಿದ ಗುರುತು ಇದ್ದಂತೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. 1970ರ ದಶಕದಿಂದಲೂ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು: ಇಷ್ಟು ಭಾರಿ ನಕ್ಷತ್ರ ಹುಟ್ಟುವುದಾದರೂ ಹೇಗೆ ಸಾಧ್ಯ?

ಮೋಡ ತನ್ನದೇ ಗುರುತ್ವದಿಂದ ಕುಸಿದು ನಕ್ಷತ್ರವಾಗುತ್ತದೆ. ಸೂರ್ಯನಂಥ ನಕ್ಷತ್ರ ಮೊದಲು ಬೆಳೆಯುವುದನ್ನು ನಿಲ್ಲಿಸಿ, ಆಮೇಲೆ ನಿಧಾನವಾಗಿ ಒಲೆ ಹೊತ್ತಿಸುತ್ತದೆ. ಭಾರಿ ನಕ್ಷತ್ರಕ್ಕೆ ಆ ವ್ಯವಧಾನವಿಲ್ಲ. ಇನ್ನೂ ತಿನ್ನುತ್ತಿರುವಾಗಲೇ ಅದರ ಒಡಲಿನಲ್ಲಿ ಪರಮಾಣು ಬೆಂಕಿ ಹತ್ತಿಕೊಳ್ಳುತ್ತದೆ. ಬೆಳಕಿಗೂ ತಳ್ಳುವ ಶಕ್ತಿಯಿದೆ. ನಮ್ಮ ದೀಪದ ಬೆಳಕಿನಲ್ಲಿ ಅದು ಅನುಭವಕ್ಕೆ ಬಾರದಷ್ಟು ಕಡಿಮೆ. ಆದರೆ ಸೂರ್ಯನ ಹತ್ತಾರು ಸಾವಿರ ಪಟ್ಟು ಬೆಳಕು ಒಳಗಿನಿಂದ ಹೊಮ್ಮಿದಾಗ ಅದು ಧೂಳನ್ನು ಹೊರಕ್ಕೆ ನೂಕುತ್ತದೆ. ಕಣದಲ್ಲಿ ರಾಶಿ ತೂರುವಾಗ ಗಾಳಿ ಹೊಟ್ಟನ್ನು ಹಾರಿಸಿಕೊಂಡು ಹೋಗುವುದಿಲ್ಲವೇ, ಹಾಗೆ. ಧೂಳಿನ ಜೊತೆಗೆ ಅನಿಲವೂ ಹಿಮ್ಮೆಟ್ಟಬೇಕು. ಅಂದರೆ ನಕ್ಷತ್ರ ಒಂದು ಮಿತಿ ಮುಟ್ಟಿದಾಗ ತನ್ನ ಅನ್ನವನ್ನು ತಾನೇ ಒದ್ದುಕೊಳ್ಳಬೇಕು. ಲೆಕ್ಕ ಹೀಗೆ ಹೇಳುತ್ತಿತ್ತು. ಆದರೆ ಆಕಾಶದಲ್ಲಿ ಸೂರ್ಯನ ನೂರು ಪಟ್ಟು ಭಾರದ ನಕ್ಷತ್ರಗಳು ಕಣ್ಣೆದುರಿಗೇ ಇದ್ದವು!

ಇದಕ್ಕೆ ಎರಡು ಉತ್ತರಗಳು ಬಂದವು. ಒಂದು ಪಕ್ಷದವರು, ಕಿಕ್ಕಿರಿದ ಗುಂಪಿನಲ್ಲಿ ಚಿಕ್ಕ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾಗಿ ಭಾರಿ ನಕ್ಷತ್ರವಾಗುತ್ತದೆ ಎಂದರು. ಇನ್ನೊಂದು ಪಕ್ಷದವರು, ಅನಿಲ ನಾಲ್ಕೂ ಕಡೆಯಿಂದ ಬೀಳದೆ ಸುತ್ತುವ ಬಿಲ್ಲೆಯೊಂದರ ಮೂಲಕ ಒಳಸೇರುತ್ತದೆ ಎಂದರು. ಹಳೆಯ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಹೊಗೆ ಮೇಲಿನ ಹೊಗೆಗಂಡಿಯಿಂದ ಹೋಗುತ್ತದೆ, ಸೌದೆಯನ್ನು ಒಲೆಯ ಬಾಯಿಗೆ ಪಕ್ಕದಿಂದ ಇಡುತ್ತೇವೆ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹಾಗೆಯೇ ಬೆಳಕು ಮೇಲೆ ಕೆಳಗಿನ ತೆರವಿನಿಂದ ಹೊರಹೋಗುತ್ತದೆ, ಆಹಾರ ಪಕ್ಕದ ಬಿಲ್ಲೆಯಿಂದ ಒಳಬರುತ್ತದೆ. 2009ರಲ್ಲಿ ಮಾರ್ಕ್ ಕ್ರುಮ್‌ಹೋಲ್ಜ್ ಮತ್ತು ಸಂಗಡಿಗರು ಕಂಪ್ಯೂಟರ್ ಲೆಕ್ಕಾಚಾರದಿಂದ, ಹೀಗೆ ಸೂರ್ಯನ 40 ಪಟ್ಟಿಗೂ ಮಿಗಿಲಾದ ನಕ್ಷತ್ರ ಬೆಳೆಯಬಲ್ಲದು ಎಂದು ತೋರಿಸಿದರು. ಆದರೆ ಲೆಕ್ಕ ಲೆಕ್ಕವೇ. ಬಿಲ್ಲೆಯನ್ನು ಕಂಡವರು ಯಾರು?

ಇಲ್ಲಿ ನಾವು ಮತ್ತೆ ಮಹಾವ್ಯಾಧಕ್ಕೆ ಹೋಗಬೇಕು. ನಡುಪಟ್ಟಿಯ ಕೆಳಗೆ ಮಂಜಿನ ಚುಕ್ಕೆಯಂತೆ ಕಾಣುವುದೇ ನೀಹಾರಿಕೆ. ಅದರ ಹಿಂದಿನ ಕತ್ತಲ ಮೋಡದಲ್ಲಿ 'ಸೋರ್ಸ್ ಐ' ಎಂಬ ಎಳೆಯ ಭಾರಿ ನಕ್ಷತ್ರವಿದೆ. ಮೇಸರ್‌ಗಳ ಪುಟ್ಟ ಚುಕ್ಕೆಗಳನ್ನು ಸುಮಾರು ಎರಡು ವರ್ಷಗಳ ಕಾಲ, ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಚಿತ್ರಿಸಿ, ಒಂದರ ಪಕ್ಕ ಒಂದಿಟ್ಟು ವಿಜ್ಞಾನಿಗಳು ಒಂದು ಚಲನಚಿತ್ರವನ್ನೇ ಮಾಡಿದರು. 2010ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಬಿಲ್ಲೆ ಸುತ್ತುವುದೂ ಅದರಿಂದ ಅನಿಲ ಏಳುವುದೂ ಕಾಣುತ್ತದೆ. ಆಮೇಲೆ ಬಂದದ್ದು ಆಲ್ಮಾ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದಲ್ಲಿ, 66 ಬೋಗುಣಿಗಳ ಈ ದೂರದರ್ಶಕ 2013ರಲ್ಲಿ ಉದ್ಘಾಟನೆಯಾಯಿತು. 2018ರಲ್ಲಿ ಆಲ್ಮಾ ಮೂಲಕ ಬಿಲ್ಲೆಯ ಅನಿಲದ ವೇಗವನ್ನು ಅಳೆದು, ಆ ನಕ್ಷತ್ರದ ಭಾರ ಸೂರ್ಯನ ಸುಮಾರು 15 ಪಟ್ಟು ಎಂದು ತೂಗಿದರು. 2019ರಲ್ಲಿ ಅದೇ ಬಿಲ್ಲೆಯ ಬಳಿ ಸೋಡಿಯಂ ಕ್ಲೋರೈಡ್ ಪತ್ತೆಯಾಯಿತು. ಅದು ಮತ್ತೇನಲ್ಲ, ನಾವು ದಿನವೂ ಸಾರಿಗೆ ಹಾಕುವ ಉಪ್ಪು.

ಆದರೆ ಮೊದಲನೆಯ ಪಕ್ಷದವರನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಸೋರ್ಸ್ ಐ ಮತ್ತು ಅದರ ನೆರೆಯ ಇನ್ನೊಂದು ಎಳೆಯ ನಕ್ಷತ್ರ ಎರಡೂ ಒಂದು ಬಿಂದುವಿನಿಂದ ದೂರ ಓಡುತ್ತಿವೆ. ವರ್ಷಗಟ್ಟಲೆ ರೇಡಿಯೋ ಚಿತ್ರಗಳನ್ನು ಹೋಲಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ, ನಾವು ಈಗ ಕಾಣುತ್ತಿರುವುದಕ್ಕಿಂತ ಸುಮಾರು 500 ವರ್ಷ ಹಿಂದೆ ಅವು ಒಂದೇ ಕಡೆ ಇದ್ದು, ಎಳೆದಾಡಿ ಬೇರ್ಪಟ್ಟವು ಎಂದು ತಿಳಿಯುತ್ತದೆ. ಬಿಲ್ಲೆಯಿಂದ ಆಹಾರ ಬರುವುದು ನಿಜ, ಕಿಕ್ಕಿರಿದ ಮನೆಯಲ್ಲಿ ಅಣ್ಣತಮ್ಮಂದಿರ ತಳ್ಳಾಟವೂ ನಿಜ.

ಬಿಲ್ಲೆ ಇದ್ದ ಕಡೆ ಸಾಮಾನ್ಯವಾಗಿ ಜೆಟ್ ಎಂಬ ಚಿಲುಮೆಯೂ ಇರುತ್ತದೆ. ಒಳಬಂದ ಅನಿಲದ ಒಂದು ಪಾಲು ಬಿಲ್ಲೆಗೆ ಲಂಬವಾಗಿ ಎರಡೂ ಕಡೆ ಚಿಮ್ಮುತ್ತದೆ. ಧನು ರಾಶಿಯ ದಿಕ್ಕಿನಲ್ಲಿರುವ ಎಚ್‌ಎಚ್ 80-81 ಎಂಬ ಉದ್ದನೆಯ ಜೆಟ್‌ನಲ್ಲಿ ಎಲೆಕ್ಟ್ರಾನುಗಳು ಬೆಳಕಿಗೆ ಸಮೀಪದ ವೇಗದಲ್ಲಿ ಕಾಂತಕ್ಷೇತ್ರದ ಸುತ್ತ ಸುತ್ತುತ್ತಿವೆ ಎಂದು 2010ರಲ್ಲಿ ವಿಎಲ್‌ಎ ತೋರಿಸಿತು. ಅಂಥ ವಿಕಿರಣ ಕಡಿಮೆ ಆವೃತ್ತಿಯಲ್ಲಿ ಹೆಚ್ಚು ಸ್ಪಷ್ಟ. ಅದಕ್ಕೆ ತಕ್ಕ ದೂರದರ್ಶಕ ನಮ್ಮ ದೇಶದಲ್ಲೇ ಇದೆ. ಪುಣೆ ಸಮೀಪದ ಖೋಡದ್ ಗ್ರಾಮದ ಬಳಿ, ಪ್ರೊಫೆಸರ್ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ. ತಲಾ 45 ಮೀಟರ್ ಅಗಲದ 30 ಬೋಗುಣಿಗಳು ಅಲ್ಲಿ ಸುಮಾರು 25 ಕಿಲೋಮೀಟರ್ ವಿಸ್ತಾರದಲ್ಲಿ ಹರಡಿವೆ. ಭಾರತೀಯ ವಿಜ್ಞಾನಿಗಳು ಅದೇ ಜೆಟ್ ಅನ್ನು ಜಿಎಂಆರ್‌ಟಿಯಿಂದ ಕಡಿಮೆ ಆವೃತ್ತಿಗಳಲ್ಲಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇನ್ನೊಂದು ವಿಷಯ ಹೇಳಿ ಮುಗಿಸುವತ್ತ ಬರುತ್ತೇನೆ. ಈ ಎಳೆಯ ನಕ್ಷತ್ರಗಳು ಒಂದೇ ಸಮನೆ ತಿನ್ನುವುದಿಲ್ಲ, ಒಮ್ಮೊಮ್ಮೆ ದೊಡ್ಡ ತುತ್ತು ನುಂಗುತ್ತವೆ. 2015ರಲ್ಲಿ ಎಸ್255 ಎಂಬ ಪ್ರದೇಶದ, ಸೂರ್ಯನ ಸುಮಾರು 20 ಪಟ್ಟು ಭಾರದ ಎಳೆಯ ನಕ್ಷತ್ರದ ಬಳಿ ಮೆಥನಾಲ್ ಮೇಸರ್ ಇದ್ದಕ್ಕಿದ್ದಂತೆ ಪ್ರಬಲವಾಯಿತು. ಅವಕೆಂಪು ದೂರದರ್ಶಕಗಳಿಂದ ನೋಡಿದಾಗ ನಕ್ಷತ್ರವೂ ಉಜ್ವಲವಾಗಿತ್ತು. ಒಂದು ವರ್ಷ ಕಳೆದ ಮೇಲೆ ಅದರ ರೇಡಿಯೋ ಜೆಟ್ ಕೂಡ ಬಲಿಯತೊಡಗಿತು. ಉಂಡ ಮೇಲೆ ತೇಗು ಬಂದಂತೆ! 2019ರ ಜನವರಿಯಲ್ಲಿ ಜಿ358 ಎಂಬ ಇನ್ನೊಂದು ಮೂಲದಲ್ಲಿ ಇಂಥದೇ ಸುಳಿವು ಮೊದಲು ಜಪಾನಿನಲ್ಲಿ ಸಿಕ್ಕಿತು. ಕೂಡಲೇ ಹಲವು ದೇಶಗಳ ದೂರದರ್ಶಕಗಳು ಅತ್ತ ತಿರುಗಿದವು. ನಕ್ಷತ್ರದಿಂದ ಹೊರಟ ಶಾಖದ ಅಲೆಯೊಂದು ಬೆಳಕಿನ ವೇಗದ ನೂರಕ್ಕೆ 4ರಿಂದ 8ರಷ್ಟು ವೇಗದಲ್ಲಿ ಸುತ್ತಲಿನ ಧೂಳಿನಲ್ಲಿ ಹರಡುತ್ತ, ದಾರಿಯಲ್ಲಿ ಒಂದೊಂದೇ ಮೇಸರನ್ನು ಎಬ್ಬಿಸಿದ್ದನ್ನು ಅವರು ಕಂಡರು.

ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶ ಗಮನಿಸಬೇಕು. ಇಂಥ ಸುಳಿವು ಹಿಡಿದುಕೊಟ್ಟದ್ದು ಜಗತ್ತಿನ ಅತಿ ದೊಡ್ಡ, ಅತಿ ದುಬಾರಿ ಉಪಕರಣಗಳಲ್ಲ. ಜಪಾನಿನ 32 ಮೀಟರ್, ದಕ್ಷಿಣ ಆಫ್ರಿಕಾದ 26 ಮೀಟರ್ ಬೋಗುಣಿಗಳಂಥ ಒಂಟಿ ದೂರದರ್ಶಕಗಳು. ಅವು ಅದೇ ಮೇಸರ್‌ಗಳನ್ನು ವರ್ಷಾನುಗಟ್ಟಲೆ ಬೇಸರವಿಲ್ಲದೆ ಅಳೆಯುತ್ತ ಕುಳಿತಿದ್ದವು. ಬಹಳ ದಿನ ಏನೂ ಆಗುವುದಿಲ್ಲ. ಆ 'ಏನೂ ಆಗಲಿಲ್ಲ' ಎಂಬುದನ್ನೂ ತಾರೀಖು ಹಾಕಿ ಬರೆದಿಟ್ಟಿದ್ದರಿಂದಲೇ, ಆದ ದಿನ ಅದು ಆಯಿತೆಂದು ಗೊತ್ತಾಯಿತು. ಅಲ್ ಸೂಫಿಯಂಥವರು ಬರಿಗಣ್ಣಿನಿಂದ ಮಾಡಿದ್ದೂ ಇದನ್ನೇ: ನೋಡುವುದು, ಅಳೆಯುವುದು, ಮುಂದಿನವರಿಗಾಗಿ ಬರೆದಿಡುವುದು.

ಪ್ರಶ್ನೆಗಳು ಇನ್ನೂ ಉಳಿದಿವೆ. ಒಂದು ಮೋಡ ಯಾವುದಕ್ಕೆ ಎಷ್ಟು ಪಾಲು ಕೊಡಬೇಕೆಂದು ಹೇಗೆ ನಿರ್ಧಾರವಾಗುತ್ತದೆ? ತೀರಾ ಭಾರವಾದ ನಕ್ಷತ್ರಕ್ಕೂ ಈ ಬಿಲ್ಲೆಯ ದಾರಿಯೊಂದೇ ಸಾಕೇ? ಆಲ್ಮಾ ಮತ್ತು ಜಿಎಂಆರ್‌ಟಿ ಸಂಗ್ರಹಿಸಿದ ಮಾಹಿತಿ ಒಂದು ಅವಧಿಯ ನಂತರ ಎಲ್ಲರಿಗೂ ಮುಕ್ತವಾಗುತ್ತದೆ. ಬೆಂಗಳೂರಿನಲ್ಲೇ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಇವೆ. ಗಣಿತ, ಭೌತಶಾಸ್ತ್ರಗಳನ್ನು ಮನಸ್ಸಿಟ್ಟು ಓದಿದ ಹುಡುಗನಾಗಲಿ ಹುಡುಗಿಯಾಗಲಿ, ಕನ್ನಡ ಶಾಲೆಯಿಂದ ಬಂದಿರಲಿ ಉರ್ದು ಶಾಲೆಯಿಂದ ಬಂದಿರಲಿ, ಆ ಬಾಗಿಲು ತಟ್ಟಬಹುದು.

ಕಣ್ಣಿಗೆ ಕಾಣದ್ದೆಲ್ಲ ಇಲ್ಲ ಎಂದು ಹೇಳುವುದು ಸುಲಭ. ಲೆಕ್ಕ ಆಗದು ಎಂದಿತು ಎಂದು ಕೈಚೆಲ್ಲುವುದೂ ಸುಲಭ. ಭಾರಿ ನಕ್ಷತ್ರಗಳ ವಿಷಯದಲ್ಲಿ ವಿಜ್ಞಾನಿಗಳು ಎರಡನ್ನೂ ಮಾಡಲಿಲ್ಲ. ಬೇರೆ ಅಲೆಯಲ್ಲಿ ನೋಡಿದರು, ಲೆಕ್ಕವನ್ನು ತಿದ್ದಿದರು. ನಮ್ಮ ಮಕ್ಕಳು ಪುಸ್ತಕದಿಂದ ಇಷ್ಟು ಕಲಿತರೆ ಸಾಕು.